ತಾಯಿ ಕಾರ್ಡನ್ನು ಓದುವ ಬಗೆ

ಚೊಚ್ಚಲ ಹೆರಿಗೆಗೆಂದು ತವರಿಗೆ ಬರುವ ಅಕ್ಕನ ಚೀಲದಲ್ಲಿ ಸೀಮಂತದ ಸೀರೆ, ಹಸಿರು ಬಳೆ, ಬೀಗರು ಕಟ್ಟಿಕೊಟ್ಟ ತಿಂಡಿಯ ಡಬ್ಬಗಳ ಜೊತೆಗೆ ಒಂದು ಕಾರ್ಡು ಕೂಡ ಇರುತ್ತದೆ. ನಮ್ಮ ರಾಜ್ಯದಲ್ಲಿ ಅದನ್ನು ಎಲ್ಲರೂ ‘ತಾಯಿ ಕಾರ್ಡ್’ ಎಂದೇ ಕರೆಯುತ್ತಾರೆ. ಸೀರೆಯನ್ನು ಓಣಿಯವರೆಲ್ಲ ಬಂದು ಮುಟ್ಟಿ ನೋಡಿ ಹೋಗುತ್ತಾರೆ. ಕಾರ್ಡು ಮಾತ್ರ ನೇರವಾಗಿ ಬೀರುವಿನೊಳಗೆ ಸೇರುತ್ತದೆ. ಆಸ್ಪತ್ರೆಗೆ ಹೋಗುವ ದಿನ ಹೊರಬಂದು, ಮರಳಿ ಬಂದ ಮೇಲೆ ಮತ್ತೆ ಬೀರು ಸೇರುತ್ತದೆ. ಅದರೊಳಗೆ ದಾದಿಯರೂ ವೈದ್ಯರೂ ಬರೆದಿಟ್ಟ ಅಂಕಿಗಳು ಏನು ಹೇಳುತ್ತಿವೆ ಎಂದು ಕೇಳುವವರು ಬಹಳ ಕಡಿಮೆ.

ಹತ್ತನೇ ತರಗತಿಯ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಇದೆ. ಆ ಪಾಠ ಬಂದಾಗ ತರಗತಿಯಲ್ಲಿ ಕೆಲವರು ತಲೆ ತಗ್ಗಿಸುತ್ತಾರೆ, ಹಿಂದಿನ ಬೆಂಚಿನಲ್ಲಿ ಕಿಸಕ್ಕನೆ ನಗು ಏಳುತ್ತದೆ. ಹೇಗೋ ಪಾಠ ಮುಗಿದರೆ ಸಾಕು ಎಂಬ ಭಾವನೆ ಮಕ್ಕಳಿಗೂ ಇರುತ್ತದೆ, ಕೆಲವೊಮ್ಮೆ ಮೇಷ್ಟರಿಗೂ ಇರುತ್ತದೆ. ಆದರೆ ಅದೇ ಪಾಠದ ಮುಂದುವರಿದ ಭಾಗ ಮನೆಯ ಬೀರುವಿನಲ್ಲಿದೆ. ಹಿಮೋಗ್ಲೋಬಿನ್, ರಕ್ತದೊತ್ತಡ, ಗ್ಲೂಕೋಸ್, ರಕ್ತದ ಗುಂಪು, ಶಬ್ದದ ಪ್ರತಿಧ್ವನಿ ಹೀಗೆ ನೀವು ಪರೀಕ್ಷೆಗಾಗಿ ಓದುವ ಸಂಗತಿಗಳೆಲ್ಲ ಆ ನಾಲ್ಕು ಪುಟಗಳಲ್ಲಿ ಕೆಲಸ ಮಾಡುತ್ತಿರುತ್ತವೆ. ಈ ವಾರ ಆ ಕಾರ್ಡನ್ನೇ ಪಾಠಪುಸ್ತಕವಾಗಿ ಇಟ್ಟುಕೊಳ್ಳೋಣ. ಇದು ಹುಡುಗಿಯರಿಗಷ್ಟೇ ಸಂಬಂಧಿಸಿದ ವಿಷಯವೆಂದು ಹುಡುಗರು ಪುಟ ತಿರುವಬಾರದು. ನಾಳೆ ಆಸ್ಪತ್ರೆಗೆ ಆಟೋ ತರಲು ಓಡುವವರು ನೀವೇ.

ಎಷ್ಟು ಸಲ ರಕ್ತ ತೆಗೆಯುತ್ತಾರೆ?

‘ಇರುವ ರಕ್ತವನ್ನೇ ತೆಗೆದುಕೊಂಡು ಆಮೇಲೆ ರಕ್ತ ಕಡಿಮೆ ಇದೆ ಎನ್ನುತ್ತಾರಲ್ಲ ಸಾರ್, ನಮ್ಮಜ್ಜಿ ಬೈಯುತ್ತಾರೆ’ ಎಂದು ಒಬ್ಬ ಹುಡುಗ ಕೇಳಿದ್ದ. ಪ್ರಶ್ನೆ ಸರಿಯಾಗಿಯೇ ಇದೆ. ಉತ್ತರಕ್ಕೆ ಸ್ವಲ್ಪ ಲೆಕ್ಕ ಬೇಕು.

ಸುಮಾರು 50 ಕಿಲೋ ತೂಕದ ಹೆಂಗಸಿನ ದೇಹದಲ್ಲಿ ಅಂದಾಜು ಮೂರೂವರೆ ಲೀಟರ್ ರಕ್ತ ಇರುತ್ತದೆ. ಗರ್ಭ ನಿಂತ ಮೇಲೆ ಇದು ಏರುತ್ತಾ ಹೋಗಿ ಎಂಟನೇ ತಿಂಗಳ ಹೊತ್ತಿಗೆ ಶೇಕಡಾ 40ರಿಂದ 50ರಷ್ಟು ಹೆಚ್ಚುತ್ತದೆ. ಅಂದರೆ ಐದು ಲೀಟರ್ ಹತ್ತಿರ. ಪರೀಕ್ಷೆಗೆ ತೆಗೆಯುವುದು ಹೆಚ್ಚೆಂದರೆ 5 ಮಿಲಿಲೀಟರ್, ಒಂದು ಟೀ ಚಮಚದಷ್ಟು. ಸಾವಿರದಲ್ಲಿ ಒಂದು ಪಾಲು. ಅಜ್ಜಿಗೆ ಈ ಲೆಕ್ಕ ಹೇಳಿದರೆ ಸಮಾಧಾನವಾಗುತ್ತದೆ.

ಹೆಚ್ಚಿದ ರಕ್ತವನ್ನು ತಳ್ಳಲು ಹೃದಯ ನಿಮಿಷಕ್ಕೆ ಹತ್ತರಿಂದ ಇಪ್ಪತ್ತು ಬಡಿತ ಹೆಚ್ಚು ಬಡಿಯುತ್ತದೆ. ಮೂತ್ರಪಿಂಡಗಳು ಸುಮಾರು ಒಂದೂವರೆ ಪಟ್ಟು ರಕ್ತ ಶೋಧಿಸುತ್ತವೆ. ಬಸುರಿ ಹೆಂಗಸು ಮೆಟ್ಟಿಲೇರಿದರೆ ಏದುಸಿರು ಬಿಡುವುದು, ಪದೇ ಪದೇ ಬಚ್ಚಲಿಗೆ ಹೋಗುವುದು, ಸಂಜೆಯ ವೇಳೆಗೆ ಪಾದ ತುಸು ಊದಿಕೊಳ್ಳುವುದು ಇವೆಲ್ಲ ಬಹುಮಟ್ಟಿಗೆ ಈ ಬದಲಾವಣೆಗಳ ಫಲ. ಎಲ್ಲವೂ ರೋಗವಲ್ಲ. ಆದರೆ ಯಾವುದು ಸಹಜ, ಯಾವುದು ಅಪಾಯ ಎಂಬುದನ್ನು ಕಣ್ಣಳತೆಯಿಂದ ಹೇಳಲಾಗದು. ಅದಕ್ಕಾಗಿಯೇ ಪರೀಕ್ಷೆ.

ಪಾನಕದ ಲೆಕ್ಕ

ರಕ್ತ ಹೆಚ್ಚುತ್ತದೆ ಎಂದ ಮೇಲೆ ರಕ್ತಹೀನತೆ ಹೇಗೆ ಬರುತ್ತದೆ? ರಾಮನವಮಿಯ ಪಾನಕವನ್ನು ನೆನೆಸಿಕೊಳ್ಳಿ. ಜನ ಹೆಚ್ಚು ಬಂದರೆಂದು ನೀರು ಒಂದೂವರೆ ಪಟ್ಟು ಮಾಡಿ, ಬೆಲ್ಲವನ್ನು ಕಾಲು ಪಾಲು ಮಾತ್ರ ಹೆಚ್ಚಿಸಿದರೆ ಪಾನಕ ಸಪ್ಪೆಯಾಗುತ್ತದೆ. ಗರ್ಭಿಣಿಯ ರಕ್ತದಲ್ಲಿಯೂ ಹೀಗೆಯೇ. ನೀರಿನಂಥ ಭಾಗವಾದ ಪ್ಲಾಸ್ಮಾ ಬೇಗ ಹೆಚ್ಚುತ್ತದೆ, ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ.

ಈಗ ಕಾಗದ ಪೆನ್ಸಿಲ್ ತೆಗೆದುಕೊಳ್ಳಿ. ಗರ್ಭ ನಿಲ್ಲುವ ಮೊದಲು ಒಬ್ಬಳ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 13 ಗ್ರಾಂ ಇತ್ತೆನ್ನಿ. ಮೂರೂವರೆ ಲೀಟರಿಗೆ ಒಟ್ಟು 455 ಗ್ರಾಂ. ಇದು ಕಾಲು ಪಾಲು ಹೆಚ್ಚಿದರೆ ಸುಮಾರು 569 ಗ್ರಾಂ. ಅದನ್ನು ಐದು ಲೀಟರಿಗೆ ಹಂಚಿದರೆ 100 ಮಿ.ಲೀ.ಗೆ 11.4 ಗ್ರಾಂ. ಅಂಕಿ ಇಳಿದರೂ ಇವಳಿಗೆ ತೊಂದರೆಯಿಲ್ಲ. ಏಕೆಂದರೆ ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಗೆ ಹಾಕಿರುವ ಗೆರೆ 11 ಗ್ರಾಂ; ನಡುವಿನ ಮೂರು ತಿಂಗಳಲ್ಲಿ 10.5.

ಇನ್ನೊಬ್ಬಳು ಮದುವೆಗೆ ಮೊದಲೇ 10 ಗ್ರಾಂ ಇದ್ದವಳು. ಒಟ್ಟು 350 ಗ್ರಾಂ. ಆಹಾರದಲ್ಲಿ ಕಬ್ಬಿಣದ ಅಂಶ ಸಾಲದೆ ಹೊಸ ಹಿಮೋಗ್ಲೋಬಿನ್ ಹುಟ್ಟಲೇ ಇಲ್ಲ ಎಂದುಕೊಳ್ಳಿ. ಅದೇ 350 ಗ್ರಾಂ ಐದು ಲೀಟರಿಗೆ ಹಂಚಿಹೋದರೆ ಉಳಿಯುವುದು 7. ದೇಹದ ವ್ಯವಹಾರ ಇಷ್ಟು ಸರಳವಲ್ಲ, ಇದು ತಿಳಿಯಲೆಂದು ಮಾಡಿದ ಲೆಕ್ಕ. ಆದರೂ ದಿಕ್ಕು ಯಾವುದೆಂದು ಕಾಣುತ್ತದೆಯಲ್ಲ? 10ರಿಂದ 10.9ರವರೆಗೆ ಅಲ್ಪ ರಕ್ತಹೀನತೆ, 7ರಿಂದ 9.9ರವರೆಗೆ ಮಧ್ಯಮ, 7ಕ್ಕಿಂತ ಕೆಳಗೆ ಇಳಿದರೆ ತೀವ್ರ. ತೀವ್ರವಾದಾಗ ಮಾತ್ರೆಯಿಂದ ಆಗುವುದಿಲ್ಲ, ಆಸ್ಪತ್ರೆಗೇ ಸೇರಬೇಕು.

ಏಕಿಷ್ಟು ಹೆದರಿಕೆ? ಸಾಮಾನ್ಯ ಹೆರಿಗೆಯಲ್ಲೇ ಅರ್ಧ ಲೀಟರಿನವರೆಗೆ ರಕ್ತ ಹೋಗುವುದುಂಟು. ಕೆಂಪು ಕಣಗಳು ಸಾಕಷ್ಟಿರುವ ತಾಯಿ ಅದನ್ನು ತಡೆದುಕೊಳ್ಳುತ್ತಾಳೆ. ಮೊದಲೇ ಬರಿದಾದವಳಿಗೆ ಅದೇ ಪ್ರಾಣಕ್ಕೆ ಬರಬಹುದು. ಹೆರಿಗೆಯ ಸಮಯದ ತಾಯಂದಿರ ಸಾವಿಗೆ ಇಂದಿಗೂ ದೊಡ್ಡ ಕಾರಣ ರಕ್ತಸ್ರಾವವೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ನೂರು ಗರ್ಭಿಣಿಯರಲ್ಲಿ 52 ಮಂದಿಗೆ ರಕ್ತಹೀನತೆ ಇತ್ತು. ಅರ್ಧಕ್ಕಿಂತ ಹೆಚ್ಚು!

ಗಿರಣಿ ಹೆಂಗಸರು ಮತ್ತು ಎಲೆಯ ಹೆಸರಿನ ವಿಟಮಿನ್

ಕಬ್ಬಿಣದ ಮಾತ್ರೆಯ ಜೊತೆಗೆ ಸೇರಿರುವ ಫೋಲಿಕ್ ಆಮ್ಲದ ಕಥೆ ನಮ್ಮ ದೇಶದಲ್ಲೇ ಶುರುವಾದದ್ದು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲೆಂಡಿನ ವೈದ್ಯೆ ಬೊಂಬಾಯಿಗೆ ಬಂದರು. ಅಲ್ಲಿನ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರಲ್ಲಿ ಒಂದು ಬಗೆಯ ಉಗ್ರ ರಕ್ತಹೀನತೆ ಕಾಣುತ್ತಿತ್ತು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಮಾಮೂಲಿಗಿಂತ ದೊಡ್ಡದಾಗಿರುತ್ತಿದ್ದವು. ವಿಲ್ಸ್ ಆ ಹೆಂಗಸರ ಊಟವನ್ನು ಗಮನಿಸಿದರು, ಇಲಿ ಮತ್ತು ಕೋತಿಗಳ ಮೇಲೆ ಪ್ರಯೋಗ ಮಾಡಿದರು. ಯೀಸ್ಟಿನಿಂದ ತಯಾರಿಸಿದ ಮಾರ್ಮೈಟ್ ಎಂಬ ಅಗ್ಗದ ಸಾರವನ್ನು ತಿನ್ನಿಸಿದಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಯೀಸ್ಟಿನಲ್ಲಿರುವ ಆ ವಸ್ತು ಏನೆಂದು ಆಗ ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ಅದಕ್ಕೆ ‘ವಿಲ್ಸ್ ಅಂಶ’ ಎಂದೇ ಹೆಸರಾಯಿತು. ಹತ್ತು ವರ್ಷಗಳ ನಂತರ, 1941ರಲ್ಲಿ, ಅಮೆರಿಕದ ವಿಜ್ಞಾನಿಗಳು ಪಾಲಕ್ ಸೊಪ್ಪಿನಿಂದ ಒಂದು ಆಮ್ಲವನ್ನು ಬೇರ್ಪಡಿಸಿ, ಲ್ಯಾಟಿನ್ ಭಾಷೆಯಲ್ಲಿ ಎಲೆ ಎಂಬರ್ಥದ ‘ಫೋಲಿಯಂ’ ಪದದಿಂದ ಫೋಲಿಕ್ ಆಮ್ಲ ಎಂದು ಕರೆದರು. ವಿಲ್ಸ್ ಅಂಶವೂ ಇದೂ ಒಂದೇ ಎಂದು ಮುಂದೆ ತಿಳಿಯಿತು.

ಈ ಆಮ್ಲಕ್ಕೆ ಇನ್ನೊಂದು ಕೆಲಸವೂ ಇದೆ. ಮಗುವಿನ ಮಿದುಳು, ಬೆನ್ನುಹುರಿಗಳಾಗಿ ಬೆಳೆಯುವ ಪುಟ್ಟ ಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳಬೇಕು. ಆ ಹೊತ್ತಿಗೆ ಎಷ್ಟೋ ಹೆಂಗಸರಿಗೆ ತಾವು ಬಸುರಿಯೆಂದೇ ಗೊತ್ತಾಗಿರುವುದಿಲ್ಲ. ಹಿಂದೆ ಇಂಥ ದೋಷದ ಮಗುವಾದ ತಾಯಂದಿರಿಗೆ ಗರ್ಭಕ್ಕೆ ಮೊದಲಿನಿಂದಲೇ ಫೋಲಿಕ್ ಆಮ್ಲ ಕೊಟ್ಟರೆ, ಮತ್ತೆ ಹಾಗಾಗುವ ಸಂಭವ ಸುಮಾರು ಮುಕ್ಕಾಲು ಪಾಲು ತಗ್ಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1991ರಲ್ಲಿ ತೋರಿಸಿತು. ಆದ್ದರಿಂದ ಮಗು ಬೇಕೆನ್ನುವವರು ಮೊದಲೇ ವೈದ್ಯರನ್ನು ಕಂಡು ಫೋಲಿಕ್ ಆಮ್ಲ ಆರಂಭಿಸುವುದು ಒಳ್ಳೆಯದು.

ನೀಲಿ ಮಾತ್ರೆ, ಕೆಂಪು ಮಾತ್ರೆ

ಶಾಲೆಯಲ್ಲಿ ವಾರಕ್ಕೊಂದು ನೀಲಿ ಮಾತ್ರೆ ಕೊಡುತ್ತಾರಲ್ಲ, ಕೆಲವರು ನಾಲಿಗೆಯ ಕೆಳಗೆ ಬಚ್ಚಿಟ್ಟು ಆಚೆ ಹೋಗಿ ಉಗುಳುತ್ತೀರಲ್ಲ, ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇದೆ. ಬಸುರಿ ಅಕ್ಕನಿಗೆ ಕೊಡುವ ಕೆಂಪು ಮಾತ್ರೆಯಲ್ಲಿಯೂ ಅಷ್ಟೇ ಇದೆ. ವ್ಯತ್ಯಾಸವೆಂದರೆ ನಿಮಗೆ ವಾರಕ್ಕೊಂದು, ಅವಳಿಗೆ ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ ಕನಿಷ್ಠ 180 ದಿನ, ಹೆರಿಗೆಯ ನಂತರವೂ 180 ದಿನ. ಒಂದು ಬಸಿರಿಗೆ ಒಟ್ಟು ಬೇಕಾಗುವ ಕಬ್ಬಿಣ ಸುಮಾರು 1000 ಮಿಲಿಗ್ರಾಂ. ದಿನದ ಊಟದಿಂದ ರಕ್ತಕ್ಕೆ ಸೇರುವುದು ಒಂದೆರಡು ಮಿಲಿಗ್ರಾಂ ಮಾತ್ರ. ಹೀಗಾಗಿ ಬರೀ ಊಟದಿಂದ ಈ ಲೆಕ್ಕ ತುಂಬುವುದು ಕಷ್ಟ.

ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ನಮ್ಮ ಹಳ್ಳಿಗಳಲ್ಲಿ ಇನ್ನೂ ಕೇಳಿಬರುತ್ತದೆ. ಎರಡೂ ಸುಳ್ಳು. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವ ವಂಶವಾಹಿಗಳ ವಿಷಯ. ಅದನ್ನು ಕಬ್ಬಿಣ ಕಪ್ಪು ಮಾಡದು, ಕೇಸರಿ ಹಾಲು ಬಿಳಿ ಮಾಡದು. ಮಾತ್ರೆಯಿಂದ ಮಲ ಕಪ್ಪಾಗುವುದು ನಿಜ. ಬಹುಶಃ ಅದನ್ನು ಕಂಡೇ ಜನ ಹೆದರಿರಬೇಕು. ಹೀರದೆ ಉಳಿದ ಕಬ್ಬಿಣ ಹೊರಹೋಗುವುದರಿಂದ ಹಾಗಾಗುತ್ತದೆ, ಅಷ್ಟೇ. ವಾಕರಿಕೆ, ಮಲಬದ್ಧತೆ ಆದರೆ ಮಾತ್ರೆ ಬಿಡಬೇಡಿ, ವೈದ್ಯರಿಗೆ ಹೇಳಿ. ರಾತ್ರಿ ಊಟವಾದ ಒಂದು ಗಂಟೆಯ ಮೇಲೆ ನುಂಗಿದರೆ ಹಲವರಿಗೆ ಸಹಿಸಲು ಸುಲಭ.

ಕಾಫಿ, ಟೀ ಜೊತೆಗೆ ಮಾತ್ರೆ ಬೇಡ. ಅವುಗಳಲ್ಲಿರುವ ಟ್ಯಾನಿನ್‌ನಂಥ ವಸ್ತುಗಳು ಕಬ್ಬಿಣವನ್ನು ಹಿಡಿದಿಟ್ಟು ಕರುಳು ಹೀರದಂತೆ ಮಾಡುತ್ತವೆ. ನಿಂಬೆ, ನೆಲ್ಲಿಕಾಯಿಯ ಸಿ ವಿಟಮಿನ್ ಇದಕ್ಕೆ ವಿರುದ್ಧವಾಗಿ ಸಹಾಯ ಮಾಡುತ್ತದೆ. ಹುರುಳಿ, ಸೊಪ್ಪಿನ ಸಾರಿಗೆ ನಿಂಬೆ ಹಿಂಡುವುದು ರುಚಿಗೂ ಸರಿ, ವಿಜ್ಞಾನಕ್ಕೂ ಸರಿ. ಕ್ಯಾಲ್ಸಿಯಂ ಮಾತ್ರೆಯನ್ನೂ ಕಬ್ಬಿಣದ ಮಾತ್ರೆಯನ್ನೂ ಒಟ್ಟಿಗೆ ನುಂಗಬಾರದು, ನಡುವೆ ಎರಡು ಗಂಟೆ ಅಂತರವಿರಲಿ.

ಓದದೇ ಉಳಿದ ಒಂದು ಅಂಕಿ

ಕಾರ್ಡಿನ ಪ್ರತಿ ಭೇಟಿಯ ಸಾಲಿನಲ್ಲೂ ರಕ್ತದೊತ್ತಡ ಇರುತ್ತದೆ. 110/70 ಎಂದಿದ್ದರೆ, ಹೃದಯ ಕುಗ್ಗಿದಾಗ ರಕ್ತನಾಳದ ಒತ್ತಡ 110, ಹಿಗ್ಗಿದಾಗ 70 ಮಿಲಿಮೀಟರ್ ಪಾದರಸ ಎಂದರ್ಥ. ನೆನಪಿಡಬೇಕಾದ ಗೆರೆ 140/90. ಎರಡರಲ್ಲಿ ಯಾವುದೊಂದು ಇದನ್ನು ಮುಟ್ಟಿದರೂ ಎಚ್ಚರ.

ಹನ್ನೆರಡು ವರ್ಷಗಳ ಹಿಂದಿನ ಮಾತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎಂಟು ತಿಂಗಳ ಬಸುರಿಯಾಗಿ ತವರಿಗೆ ಬಂದಿದ್ದಳು. ಮುಖ, ಕೈ ಊದಿಕೊಂಡಿತ್ತು. ‘ಮುಖದಲ್ಲಿ ಎಷ್ಟು ಕಳೆ ಬಂದಿದೆ ನೋಡಿ’ ಎಂದು ಬಂದವರೆಲ್ಲ ಹೇಳಿದರು. ಎರಡು ದಿನ ವಿಪರೀತ ತಲೆನೋವು. ದೃಷ್ಟಿ ತಾಗಿದೆಯೆಂದು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು, ಹಣೆಗೆ ನೋವಿನ ಮುಲಾಮು ಹಚ್ಚಿದರು. ಮೂರನೆಯ ದಿನ ಬೆಳಗ್ಗೆ ಕಣ್ಣು ಮಂಜಾಗುತ್ತಿದೆ ಎಂದಳು, ಸ್ವಲ್ಪ ಹೊತ್ತಿಗೆ ಸೆಳವು ಬಂದು ಬಿದ್ದಳು. ಗಾಳಿ ಸೋಕಿದೆ ಎಂದವರೂ ಇದ್ದರು. ಪುಣ್ಯಕ್ಕೆ ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಯಾರ ಮಾತಿಗೂ ಕಾಯದೆ 108ಕ್ಕೆ ಫೋನ್ ಮಾಡಿದರು. ತಾಯಿ ಮಗು ಇಬ್ಬರೂ ಉಳಿದರು. ಆಮೇಲೆ ಕಾರ್ಡು ತೆಗೆದು ನೋಡಿದರೆ, ಎರಡು ವಾರ ಮೊದಲೇ ಅದರಲ್ಲಿ 144/92 ಎಂದು ಬರೆದಿತ್ತು, ಮೂರು ದಿನ ಬಿಟ್ಟು ಬರಲು ಸೂಚಿಸಿತ್ತು. ಊರ ಜಾತ್ರೆಯ ಗಡಿಬಿಡಿಯಲ್ಲಿ ಯಾರೂ ಹೋಗಿರಲಿಲ್ಲ. ಆ ಮನೆಯಲ್ಲಿ ಪಿಯುಸಿ ಓದುವ ತಮ್ಮನಿದ್ದ, ಪದವಿ ಓದಿದ ಅಣ್ಣನಿದ್ದ. ಕಾರ್ಡು ಓದಿದವರು ಮಾತ್ರ ಇರಲಿಲ್ಲ.

ಐದನೇ ತಿಂಗಳು ಕಳೆದ ಮೇಲೆ ರಕ್ತದೊತ್ತಡ ಏರಿ, ಮೂತ್ರದಲ್ಲಿ ಪ್ರೋಟೀನ್ ಕಾಣಿಸಿಕೊಳ್ಳುವ ಈ ತೊಂದರೆಯನ್ನು ನಮ್ಮವರು ‘ನಂಜು’ ಎನ್ನುತ್ತಾರೆ. ಮಾಸು, ಅಂದರೆ ಪಾಠಪುಸ್ತಕದ ಜರಾಯು, ಗರ್ಭಕೋಶದ ಗೋಡೆಯಲ್ಲಿ ಸರಿಯಾಗಿ ಬೇರೂರದೆ ಹೋದಾಗ ಅದರಿಂದ ಹೊರಡುವ ವಸ್ತುಗಳು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತವೆ. ಶೋಧಕವಾದ ಮೂತ್ರಪಿಂಡ ಸೋರತೊಡಗುತ್ತದೆ, ಪ್ರೋಟೀನ್ ಮೂತ್ರಕ್ಕೆ ಇಳಿಯುತ್ತದೆ. ಹಿಂದೆ ಮೂತ್ರವನ್ನು ಪ್ರನಾಳದಲ್ಲಿ ಕಾಯಿಸಿ ನೋಡುತ್ತಿದ್ದರು. ಬಿಸಿಗೆ ಮೊಟ್ಟೆಯ ಲೋಳೆ ಬೆಳ್ಳಗೆ ಗಟ್ಟಿಯಾಗುವಂತೆ ಪ್ರೋಟೀನ್ ಇದ್ದರೆ ಬಿಳಿ ಮೋಡ ಕಟ್ಟುತ್ತದೆ. ಈಗ ಬಣ್ಣ ಬದಲಿಸುವ ಕಾಗದದ ಪಟ್ಟಿ ಅದೇ ಕೆಲಸವನ್ನು ಒಂದು ನಿಮಿಷದಲ್ಲಿ ಮಾಡುತ್ತದೆ. ಅದಕ್ಕಾಗಿ ಪ್ರತಿ ಸಲವೂ ಮೂತ್ರದ ಪರೀಕ್ಷೆ.

ಸೆಳವನ್ನು ತಡೆಯುವ ಔಷಧ ಯಾವುದು ಗೊತ್ತೆ? ನಮ್ಮ ಪ್ರಯೋಗಾಲಯದ ಕಪಾಟಿನಲ್ಲಿರುವ ಮೆಗ್ನೀಸಿಯಂ ಸಲ್ಫೇಟ್, ಎಪ್ಸಂ ಲವಣ! ಆಸ್ಪತ್ರೆಯಲ್ಲಿ ಶುದ್ಧೀಕರಿಸಿದ ಚುಚ್ಚುಮದ್ದಿನ ರೂಪದಲ್ಲಿ, ಅಳತೆ ನೋಡಿ ಕೊಡುತ್ತಾರೆ. 2002ರಲ್ಲಿ ಪ್ರಕಟವಾದ, 33 ದೇಶಗಳ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರನ್ನು ಒಳಗೊಂಡ ಪರೀಕ್ಷೆಯಲ್ಲಿ ಇದು ಸೆಳವಿನ ಅಪಾಯವನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಿತು. ಇಷ್ಟು ಅಗ್ಗದ ಔಷಧ ಆಸ್ಪತ್ರೆಯಲ್ಲಿ ಕಾದಿರುವಾಗ, ಅಲ್ಲಿಗೆ ತಲುಪುವುದು ತಡವಾಗಿ ಜೀವ ಹೋಗುವುದು ಎಂಥ ಅನ್ಯಾಯ!

ಸಕ್ಕರೆಯ ನೀರು ಕುಡಿಸುವ ಪರೀಕ್ಷೆ

75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕರಗಿಸಿ ಕುಡಿಸಿ, ಎರಡು ಗಂಟೆಯ ನಂತರ ರಕ್ತ ನೋಡುತ್ತಾರೆ. 100 ಮಿ.ಲೀ.ಗೆ 140 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬಸುರಿನ ಮಧುಮೇಹ. ಹಳ್ಳಿಯಿಂದ ಬರುವ ಗರ್ಭಿಣಿಯನ್ನು ಬರಿ ಹೊಟ್ಟೆಯಲ್ಲಿ ಕೂರಿಸುವುದು ಕಷ್ಟವೆಂದು, ತಿಂದು ಬಂದಿದ್ದರೂ ಮಾಡಬಹುದಾದ ಈ ಸರಳ ಕ್ರಮವನ್ನು ನಮ್ಮ ದೇಶದಲ್ಲಿ ರೂಢಿಗೆ ತಂದವರಲ್ಲಿ ಚೆನ್ನೈನ ಡಾ. ವಿ. ಶೇಷಯ್ಯ ಪ್ರಮುಖರು. 2022ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಮೊದಲ ಭೇಟಿಯಲ್ಲಿ ಒಮ್ಮೆ, ಆಗ ಸರಿಯಿದ್ದರೂ 24ರಿಂದ 28 ವಾರಗಳ ನಡುವೆ ಮತ್ತೊಮ್ಮೆ ಈ ಪರೀಕ್ಷೆ ಆಗಬೇಕು.

ಎರಡು ಸಲ ಏಕೆಂದರೆ, ಮಾಸಿನಿಂದ ಹೊರಡುವ ಹಾರ್ಮೋನುಗಳು ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ಮಾಸು ಬೆಳೆದಂತೆ ಅಡ್ಡಿಯೂ ಬೆಳೆಯುತ್ತದೆ. ತಾಯಿಯ ಗ್ಲೂಕೋಸ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ, ತಾಯಿಯ ಇನ್ಸುಲಿನ್ ದಾಟುವುದಿಲ್ಲ. ಆಗ ಮಗುವಿನ ಪುಟ್ಟ ಮೇದೋಜೀರಕ ಗ್ರಂಥಿಯೇ ಹೆಚ್ಚು ಇನ್ಸುಲಿನ್ ಸುರಿಸಬೇಕಾಗುತ್ತದೆ. ಮಗು ಅತಿಯಾಗಿ ಕೊಬ್ಬುತ್ತದೆ. ಹುಟ್ಟಿ ಹೊಕ್ಕುಳಬಳ್ಳಿ ಕತ್ತರಿಸಿದ ಕೂಡಲೇ ಸಕ್ಕರೆಯ ಪೂರೈಕೆ ನಿಂತು, ಇನ್ಸುಲಿನ್ ಮಾತ್ರ ಉಳಿದು, ಅದರ ರಕ್ತದ ಸಕ್ಕರೆ ಥಟ್ಟನೆ ಕುಸಿಯಬಹುದು. ಹೆಚ್ಚಿನ ತಾಯಂದಿರಿಗೆ ಊಟದ ಕ್ರಮ ಮತ್ತು ನಡಿಗೆಯಿಂದಲೇ ಹತೋಟಿ ಸಾಧ್ಯ. ಉಳಿದವರಿಗೆ ಔಷಧವಿದೆ. ‘ಎರಡು ಜೀವ, ಇಬ್ಬರ ಊಟ ತಿನ್ನು’ ಎಂಬುದೂ ತಪ್ಪು. ಮಗು ದೊಡ್ಡದಾದೀತೆಂದು ಅರೆಹೊಟ್ಟೆ ಉಣಿಸುವುದೂ ತಪ್ಪು. ಹೆರಿಗೆಯಾದ ಆರು ವಾರಕ್ಕೆ ತಾಯಿ ಮತ್ತೊಮ್ಮೆ ಪರೀಕ್ಷಿಸಿಕೊಳ್ಳಬೇಕು. ಇವರಿಗೆ ಮುಂದೆ ಮಧುಮೇಹ ಬರುವ ಸಂಭವ ಹೆಚ್ಚು.

ನೆಗೆಟಿವ್ ಗುಂಪಿನ ತಾಯಿ

ರಕ್ತದ ಗುಂಪಿನ ಮುಂದೆ ‘ನೆಗೆಟಿವ್’ ಎಂದಿದ್ದರೆ ಅದಕ್ಕೊಂದು ಕೆಂಪು ಗೆರೆ ಎಳೆಯಿರಿ. ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು ಐದು ಮಂದಿ ಹೀಗಿರುತ್ತಾರೆ. ಇದು ದೋಷವಲ್ಲ. ಆದರೆ ತಂದೆ ಪಾಸಿಟಿವ್ ಆಗಿ ಮಗುವೂ ಪಾಸಿಟಿವ್ ಆದರೆ, ಹೆರಿಗೆಯಲ್ಲಿ ಮಗುವಿನ ಕೆಲವು ರಕ್ತಕಣಗಳು ತಾಯಿಯ ರಕ್ತಕ್ಕೆ ಸೇರುತ್ತವೆ. ತಾಯಿಯ ದೇಹ ಅವನ್ನು ಶತ್ರುವೆಂದು ಬಗೆದು ಪ್ರತಿಕಾಯಗಳನ್ನು ತಯಾರಿಸಿಟ್ಟುಕೊಳ್ಳುತ್ತದೆ. ಮೊದಲ ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಮುಂದಿನ ಪಾಸಿಟಿವ್ ಮಗುವಿನ ರಕ್ತಕಣಗಳನ್ನು ಆ ಪ್ರತಿಕಾಯಗಳು ನಾಶಮಾಡುತ್ತವೆ. ಮೊದಲನೆಯದು ಚೆನ್ನಾಗಿ ಹುಟ್ಟಿ, ಆಮೇಲಿನವು ಒಂದೊಂದಾಗಿ ಹೋದಾಗ ಹಿಂದಿನವರು ಶಾಪವೆಂದೋ, ಸೊಸೆಯ ಕಾಲ್ಗುಣವೆಂದೋ ಹೇಳುತ್ತಿದ್ದ ಕೆಲವು ಸಂಗತಿಗಳ ಹಿಂದೆ ಇದು ಇದ್ದಿರಬಹುದು.

ಇದಕ್ಕೆ ಆಂಟಿ-ಡಿ ಎಂಬ ಚುಚ್ಚುಮದ್ದಿದೆ, 1968ರಿಂದ ಬಳಕೆಯಲ್ಲಿದೆ. 28ನೇ ವಾರದಲ್ಲಿ ಒಂದು, ಮಗು ಪಾಸಿಟಿವ್ ಆಗಿದ್ದರೆ ಹೆರಿಗೆಯ 72 ಗಂಟೆಯೊಳಗೆ ಇನ್ನೊಂದು. ಗರ್ಭಪಾತವಾದರೂ ಕೊಡಿಸಬೇಕು. ಇದನ್ನು ದಾನಿಗಳ ರಕ್ತದ ಪ್ಲಾಸ್ಮಾದಿಂದ ತಯಾರಿಸುತ್ತಾರೆ. ಆಸ್ಟ್ರೇಲಿಯಾದ ಜೇಮ್ಸ್ ಹ್ಯಾರಿಸನ್ ಹದಿನಾಲ್ಕನೇ ವಯಸ್ಸಿನಲ್ಲಿ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಬೇರೆಯವರ ರಕ್ತದಿಂದ ಬದುಕಿದ ಹುಡುಗ. ಆ ಋಣಕ್ಕೆಂದು ಹದಿನೆಂಟು ತುಂಬಿದ ಮೇಲೆ 1954ರಲ್ಲಿ ರಕ್ತದಾನ ಆರಂಭಿಸಿದರು. ಅವರ ರಕ್ತದಲ್ಲಿ ಈ ಪ್ರತಿಕಾಯ ವಿಶೇಷವಾಗಿತ್ತು. 2018ರವರೆಗೆ 1,173 ಸಲ ಕೊಟ್ಟರು. ಅದರಿಂದ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಮಕ್ಕಳಿಗೆ ರಕ್ಷಣೆ ದೊರೆಯಿತೆಂದು ಅಲ್ಲಿನ ರೆಡ್ ಕ್ರಾಸ್ ಅಂದಾಜು ಮಾಡಿದೆ. 2025ರಲ್ಲಿ ಅವರು ತೀರಿಕೊಂಡರು. ಸೂಜಿ ಚುಚ್ಚುವಾಗ ಅವರು ಒಮ್ಮೆಯೂ ತೋಳಿನ ಕಡೆ ನೋಡುತ್ತಿರಲಿಲ್ಲವಂತೆ, ಅಷ್ಟು ಭಯ!

ಬಾವಿಯ ಪ್ರತಿಧ್ವನಿ

ಸ್ಕ್ಯಾನ್ ಎಂದರೆ ಎಕ್ಸ್‌ಕಿರಣವಲ್ಲ, ಶಬ್ದ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳುವಂತೆ, ನಮ್ಮ ಕಿವಿಗೆ ಕೇಳಿಸದ, ಸೆಕೆಂಡಿಗೆ ಲಕ್ಷಾಂತರ ಸಲ ಕಂಪಿಸುವ ಶಬ್ದವನ್ನು ಹೊಟ್ಟೆಯೊಳಗೆ ಕಳಿಸಿ ಮರಳಿದ ಅಲೆಗಳಿಂದ ಚಿತ್ರ ಬಿಡಿಸುತ್ತಾರೆ. ಗ್ಲಾಸ್ಗೋದ ವೈದ್ಯ ಇಯಾನ್ ಡೊನಾಲ್ಡ್, ಲೋಹದೊಳಗಿನ ಬಿರುಕು ಪತ್ತೆಹಚ್ಚಲು ಕಾರ್ಖಾನೆಗಳಲ್ಲಿ ಬಳಸುತ್ತಿದ್ದ ಯಂತ್ರದಿಂದ ಈ ಕೆಲಸ ಆರಂಭಿಸಿ 1958ರಲ್ಲಿ ಚಿತ್ರಗಳನ್ನು ಪ್ರಕಟಿಸಿದರು. ಮೊದಲ ತಿಂಗಳುಗಳ ಸ್ಕ್ಯಾನ್ ದಿನಗಳ ಲೆಕ್ಕ ಸರಿಪಡಿಸುತ್ತದೆ. 18ರಿಂದ 20 ವಾರದ ಸ್ಕ್ಯಾನ್ ಮಗುವಿನ ಹೃದಯ, ಮಿದುಳು, ಬೆನ್ನೆಲುಬನ್ನು ತೋರಿಸುತ್ತದೆ.

ಅದೇ ಯಂತ್ರದಿಂದ ಹೆಣ್ಣೋ ಗಂಡೋ ಎಂದು ನೋಡಿ ಹೆಣ್ಣನ್ನು ಕೊಲ್ಲುವ ಪಾಪವೂ ನಡೆದಿದೆ. 1994ರ ಕಾನೂನಿನಂತೆ ಲಿಂಗ ಹೇಳುವುದೂ ಅಪರಾಧ, ಕೇಳುವುದೂ ಅಪರಾಧ. ಆದರೂ 2023ರ ಕೊನೆಗೆ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಸ್ಕ್ಯಾನ್ ಯಂತ್ರ ಇಟ್ಟುಕೊಂಡಿದ್ದ ಜಾಲ ಬೆಳಕಿಗೆ ಬಂತು. ವಿದ್ಯಾರ್ಥಿಗಳೇ, ತಾಯಿಯ ಅಂಡದಲ್ಲಿರುವುದು ಎಕ್ಸ್ ವರ್ಣತಂತು ಮಾತ್ರ. ಮಗು ಹೆಣ್ಣೋ ಗಂಡೋ ಎಂಬುದು ತಂದೆಯಿಂದ ಬರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ ನಿರ್ಧಾರವಾಗುತ್ತದೆ. ಇದಕ್ಕೆ ಪರೀಕ್ಷೆಯಲ್ಲಿ ಎರಡು ಅಂಕ ಪಡೆದು, ಮನೆಯಲ್ಲಿ ಹೆಣ್ಣು ಹೆತ್ತವಳನ್ನು ಹಂಗಿಸುವಾಗ ಸುಮ್ಮನಿದ್ದರೆ ಓದಿದ್ದು ವ್ಯರ್ಥ.

ತಡ ಮಾಡಬಾರದ ಲಕ್ಷಣಗಳು

ಕನಿಷ್ಠ ನಾಲ್ಕು ತಪಾಸಣೆ ಆಗಲೇಬೇಕು. ಮೊದಲನೆಯದು ಮೂರು ತಿಂಗಳೊಳಗೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ವೈದ್ಯರಿಂದ ಉಚಿತ ತಪಾಸಣೆ ನಡೆಸುವ ಯೋಜನೆ 2016ರಲ್ಲಿ ಆರಂಭವಾಗಿದೆ. ಅಷ್ಟಾದರೂ, ತಪಾಸಣೆಯ ದಿನ ಬರಲಿ ಎಂದು ಕಾಯಬಾರದ ಲಕ್ಷಣಗಳಿವೆ: ಯಾವುದೇ ತಿಂಗಳಲ್ಲಿ ರಕ್ತ ಕಾಣುವುದು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮುಖ ಮತ್ತು ಕೈ ಊದುವುದು, ಎದೆಗೂಡಿನ ಕೆಳಗೆ ಹೊಟ್ಟೆ ನೋವು, ಸೆಳವು, ಕೂತಲ್ಲೇ ಏದುಸಿರು, ಜೋರು ಜ್ವರ, ದಿನ ತುಂಬುವ ಮೊದಲೇ ನೀರು ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು. ಇವುಗಳಲ್ಲಿ ಒಂದಿದ್ದರೂ ರಾತ್ರಿಯಾಗಲಿ, ಅಮಾವಾಸ್ಯೆಯಾಗಲಿ, ಗ್ರಹಣವಾಗಲಿ 108ಕ್ಕೆ ಫೋನ್ ಮಾಡಿ.

2001–03ರಲ್ಲಿ ನಮ್ಮ ದೇಶದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 301 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 97ಕ್ಕೆ ಇಳಿಯಿತು, ಕರ್ನಾಟಕದಲ್ಲಿ 69 ಇತ್ತು. ಆಸ್ಪತ್ರೆ ಹೆರಿಗೆ, ಆಂಬುಲೆನ್ಸು, ಆಶಾ ಕಾರ್ಯಕರ್ತೆಯರ ಓಡಾಟ ಇವೆಲ್ಲದರ ಫಲ ಅದು. ಉಳಿದ ಸಾವುಗಳಲ್ಲಿ ಬಹುಪಾಲು ತಡೆಯಬಹುದಾದವೇ.

ಈ ವಾರದ ಮನೆಗೆಲಸ ಹೀಗಿದೆ. ಮನೆಯಲ್ಲೋ ನೆರೆಯಲ್ಲೋ ಬಸುರಿಯರಿದ್ದರೆ ಅವರ ಒಪ್ಪಿಗೆ ಪಡೆದು ಕಾರ್ಡು ನೋಡಿ. ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಏಳು ದಿನ, ಒಂಬತ್ತು ತಿಂಗಳು ಕೂಡಿಸಿ. ಜೂನ್ 10 ಆದರೆ ಮಾರ್ಚ್ 17. ಅದರ ಹಿಂದು ಮುಂದಿನ ಎರಡು ವಾರ ಮನೆಯವರೊಬ್ಬರು ಊರು ಬಿಡಬಾರದು. ಹಿಮೋಗ್ಲೋಬಿನ್, ರಕ್ತದೊತ್ತಡ, ರಕ್ತದ ಗುಂಪು, ಸಕ್ಕರೆ ಈ ನಾಲ್ಕನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ. ಮುಂದಿನ ತಪಾಸಣೆಯ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಪೋಷಕರೇ, ಮಕ್ಕಳು ಇದನ್ನು ಕೇಳಿದಾಗ ‘ಇದೆಲ್ಲ ನಿನಗೇಕೆ’ ಎಂದು ಗದರಬೇಡಿ. ಕನ್ನಡಕ ಹಾಕಿಕೊಂಡು ನೀವೂ ಜೊತೆಗೆ ಕೂತು ಓದಿ.